ಆನ್‌ಲೈನ್ ಪೋಕರ್ ಟೂರ್ನಿ: ಶಿರಸಿ, ಕಾರವಾರದ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಜಗಲಿಯಲ್ಲಿ ಕಂಬಳಿ ಹಾಸಿ, ಕವಳದ ಬಟ್ಟಲು ಪಕ್ಕಕ್ಕಿಟ್ಟು, ಬೆಳಗಿನವರೆಗೆ ಇಸ್ಪೀಟ್ ಆಡುವವರ ನಡುವೆ ಬೆಳೆದವನು ನಾನು. ಪೋಕರ್ ಕಲಿತದ್ದು ಮಾತ್ರ ಮೊಬೈಲಿನಲ್ಲಿ. ಐದಾರು ವರ್ಷ ಟೂರ್ನಿಗಳನ್ನು ಆಡಿದೆ, ಆಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈಗ ಹಣ ಹಾಕಿ ಆಡುವುದಿಲ್ಲ. ಆದರೂ ಶಿರಸಿಯ ಗೆಳೆಯರು, ಕಾರವಾರದಲ್ಲಿ ಕೆಲಸ ಮಾಡುವಾಗ ಜೊತೆಗಿದ್ದವರು, ಇತ್ತೀಚೆಗೆ ಅವರ ಮನೆಯ ಹಿರಿಯರು ಕೂಡ ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಒಂದೇ ಉತ್ತರವನ್ನು ಇಪ್ಪತ್ತು ಸಲ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಕೆಳಗೆ ಅಲ್ಲಲ್ಲಿ ರೂಪಾಯಿ ಲೆಕ್ಕ ಬರುತ್ತದೆ. ಟೂರ್ನಿಯ ಒಳಗಿನ ರಚನೆ ಅರ್ಥವಾಗಲಿ ಎಂದಷ್ಟೇ ಅದನ್ನು ಕೊಟ್ಟಿದ್ದೇನೆ. ಹಣ ಕಟ್ಟಿಸಿಕೊಂಡು ಆನ್‌ಲೈನ್ ಪೋಕರ್ ಆಡಿಸುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. ಅದರ ವಿವರ ಮುಂದೆ ಬೇರೆ ಪ್ರಶ್ನೆಯಲ್ಲಿದೆ.

ಟೂರ್ನಿ ಅಂದರೆ ಏನು? ಸಾಮಾನ್ಯ ಇಸ್ಪೀಟ್ ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕರಾವಳಿಯ ಬಯಲುಗಳಲ್ಲಿ ನಡೆಯುವ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ನೆನಪಿಸಿಕೊಳ್ಳಿ. ಪ್ರತಿ ತಂಡವೂ ಪ್ರವೇಶ ಶುಲ್ಕ ಕಟ್ಟುತ್ತದೆ, ಸೋತವರು ಮನೆಗೆ ಹೋಗುತ್ತಾರೆ, ಕೊನೆಗೆ ಉಳಿದವರಿಗೆ ಬಹುಮಾನ. ಪೋಕರ್ ಟೂರ್ನಿಯೂ ಹೀಗೇ. ಎಲ್ಲರೂ ಒಂದೇ ಮೊತ್ತ ಕಟ್ಟುತ್ತಾರೆ, ಎಲ್ಲರಿಗೂ ಸಮನಾಗಿ ಚಿಪ್, ಅಂದರೆ ಪಣಕ್ಕಿಡುವ ಬಿಲ್ಲೆ, ಸಿಗುತ್ತದೆ, ಚಿಪ್ ಖಾಲಿಯಾದವನು ಹೊರಗೆ.

ಕಂಬಳಿಯ ಮೇಲೆ ಹಣಕ್ಕೆ ಆಡುವಾಗ ಮುಂದಿರುವ ಹತ್ತು ರೂಪಾಯಿ ಹತ್ತು ರೂಪಾಯಿಯೇ. ಬೇಡವೆನಿಸಿದಾಗ ಎತ್ತಿ ಕಿಸೆಗೆ ಹಾಕಿಕೊಂಡು ಎದ್ದು ಹೋಗಬಹುದು. ಪೋಕರಿನಲ್ಲಿ ಅಂಥ ಆಟಕ್ಕೆ ಕ್ಯಾಶ್ ಗೇಮ್ ಎನ್ನುತ್ತಾರೆ. ಟೂರ್ನಿಯ ಚಿಪ್ ಹಾಗಲ್ಲ. ನಿಮ್ಮ ಮುಂದೆ 10,000 ಚಿಪ್ ಇದ್ದರೂ ಅದನ್ನು ಮಾರಲು ಬರುವುದಿಲ್ಲ, ನಡುವೆ ಎದ್ದು ಹೋದರೆ ಏನೂ ಸಿಗುವುದಿಲ್ಲ. ಎಷ್ಟನೆಯ ಸ್ಥಾನದಲ್ಲಿ ಹೊರಬಿದ್ದಿರಿ ಎನ್ನುವುದಕ್ಕೆ ಮಾತ್ರ ಬಹುಮಾನ. ಚಿಪ್ ಬೇರೆ, ದುಡ್ಡು ಬೇರೆ. ಮುಂದೆ ಬರುವ ಅರ್ಧಕ್ಕರ್ಧ ಪ್ರಶ್ನೆಗಳ ಉತ್ತರ ಈ ಒಂದು ಮಾತಿನಲ್ಲೇ ಇದೆ.

ಪೋಕರ್ ಗೊತ್ತೇ ಇಲ್ಲ. ಒಂದು ಕೈ ಹೇಗೆ ನಡೆಯುತ್ತದೆ?

ಹೆಚ್ಚು ಟೂರ್ನಿಗಳು ನಡೆಯುವುದು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಆಮೇಲೆ ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆ ತೆರೆದುಕೊಳ್ಳುತ್ತವೆ: ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್; ನಾಲ್ಕನೆಯದು ಟರ್ನ್; ಐದನೆಯದು ರಿವರ್. ಎಲೆ ಕೊಟ್ಟ ತಕ್ಷಣ ಒಂದು ಸುತ್ತು, ಆಮೇಲೆ ಪ್ರತಿ ಹಂತದಲ್ಲೂ ಒಂದೊಂದು ಸುತ್ತು ಚಿಪ್ ಹಾಕುವುದು ಇರುತ್ತದೆ. ಬೇಡವಾದರೆ ಫೋಲ್ಡ್, ಸಮ ಹಾಕಿದರೆ ಕಾಲ್, ಏರಿಸಿದರೆ ರೈಸ್, ಇದ್ದದ್ದೆಲ್ಲ ಹಾಕಿದರೆ ಆಲ್-ಇನ್. ಕೊನೆಗೆ ಏಳು ಎಲೆಗಳಲ್ಲಿ ಒಳ್ಳೆಯ ಐದನ್ನು ಆರಿಸಿ ಹೋಲಿಸುತ್ತಾರೆ. ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಬಗೆಯ ಮೂರು, ಮೇಲೆ ಸಾಲಾಗಿ ಐದು, ಆಮೇಲೆ ಒಂದೇ ಬಣ್ಣದ ಐದು, ಫುಲ್ ಹೌಸ್ (ಒಂದೇ ಬಗೆಯ ಮೂರು, ಜೊತೆಗೊಂದು ಜೋಡಿ), ಒಂದೇ ಬಗೆಯ ನಾಲ್ಕು, ಎಲ್ಲಕ್ಕಿಂತ ಮೇಲೆ ಒಂದೇ ಬಣ್ಣದ ಸಾಲು. ಇಲ್ಲಿ ಬಣ್ಣ ಅಂದರೆ ಕೆಂಪು, ಕಪ್ಪು ಅಲ್ಲ. ಇಸ್ಪೀಟ್, ಆಟೀನ್, ಡೈಮಂಡ್, ಕ್ಲಾವರ್.

ಎರಡು ಎಕ್ಕ ಕೈಗೆ ಬರುವುದು ಸರಾಸರಿ 221 ಕೈಗಳಿಗೆ ಒಮ್ಮೆ. ಅದಕ್ಕೇ ಕಾದು ಕೂರುತ್ತೇನೆ ಎನ್ನುವವರು ಬ್ಲೈಂಡ್ ಬಗ್ಗೆ ಬರೆದಿರುವ ಉತ್ತರವನ್ನು ಓದಬೇಕು.

ಟೂರ್ನಿಯ ಹೆಸರಿನ ಪಕ್ಕ 100+10 ಎಂದಿರುತ್ತದಲ್ಲ, ಹಾಗಂದರೆ?

100 ರೂಪಾಯಿ ಬಹುಮಾನದ ಒಟ್ಟು ಮೊತ್ತಕ್ಕೆ ಹೋಗುತ್ತದೆ, 10 ರೂಪಾಯಿ ನಡೆಸುವವರಿಗೆ. ಗೆದ್ದರೂ ಸೋತರೂ ಆ ಹತ್ತು ತಿರುಗಿ ಬರುವುದಿಲ್ಲ. ಸಾವಿರ ಜನ ಸೇರಿದರೆ ಬಹುಮಾನಕ್ಕೆ ಒಂದು ಲಕ್ಷ, ನಡೆಸಿದವರಿಗೆ ಹತ್ತು ಸಾವಿರ. ಆಡುವವರ ನಡುವೆ ಸುತ್ತುವ ಹಣದಿಂದ ಒಂದು ಪಾಲು ಪ್ರತಿ ಸಲವೂ ಹೊರಗೆ ಹೋಗುತ್ತಿರುತ್ತದೆ. ಹಾಗಾಗಿ ಎಲ್ಲರೂ ಸಮಬಲದವರಾದರೆ ಎಲ್ಲರೂ ನಿಧಾನಕ್ಕೆ ಸೋಲುತ್ತಾರೆ. ಇದು ಗಣಿತ, ಇದರಲ್ಲಿ ಅದೃಷ್ಟದ ಮಾತಿಲ್ಲ.

ಗ್ಯಾರಂಟಿ ಎಂದು ಬರೆದಿದ್ದರೆ, ಜನ ಕಡಿಮೆ ಬಂದರೂ ಅಷ್ಟು ಬಹುಮಾನ ಕೊಟ್ಟೇ ಕೊಡುತ್ತಾರೆ ಎಂದರ್ಥ. ಒಂದು ಲಕ್ಷ ಗ್ಯಾರಂಟಿ ಇದ್ದು 800 ಜನ ಮಾತ್ರ ಬಂದರೆ ಉಳಿದ 20,000 ನಡೆಸುವವರೇ ತುಂಬಬೇಕು. ಇದಕ್ಕೆ ಓವರ್‌ಲೇ ಎನ್ನುತ್ತಾರೆ. ಪ್ರವೇಶ ಶುಲ್ಕವೇ ಇಲ್ಲದ ಟೂರ್ನಿಗೆ ಫ್ರೀರೋಲ್ ಎಂದು ಹೆಸರು.

ಸಾಧಾರಣವಾಗಿ ನೂರು ಜನರಲ್ಲಿ ಹತ್ತರಿಂದ ಹದಿನೈದು ಜನರಿಗೆ ಬಹುಮಾನ ಸಿಗುತ್ತದೆ. ಅದರಲ್ಲೂ ಕೆಳಗಿನವರಿಗೆ ಕಟ್ಟಿದ್ದರ ಒಂದೂವರೆ, ಎರಡು ಪಟ್ಟು ಮಾತ್ರ. ದೊಡ್ಡ ಪಾಲು ಮೊದಲ ಮೂರು ಸ್ಥಾನಗಳಿಗೇ.

ಬ್ಲೈಂಡ್ ಯಾಕೆ ಏರುತ್ತಲೇ ಹೋಗುತ್ತದೆ?

ಏರದಿದ್ದರೆ ಆಟ ಮುಗಿಯುವುದಿಲ್ಲ. ಪ್ರತಿ ಕೈಯಲ್ಲೂ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಚಿಪ್ ಹಾಕಬೇಕು: ಒಬ್ಬರು ಸ್ಮಾಲ್ ಬ್ಲೈಂಡ್, ಇನ್ನೊಬ್ಬರು ಅದರ ಎರಡರಷ್ಟು, ಬಿಗ್ ಬ್ಲೈಂಡ್. ಈ ಸರದಿ ಮೇಜಿನ ಸುತ್ತ ತಿರುಗುತ್ತದೆ. ಕೆಲವು ಹಂತಗಳ ನಂತರ ಆಂಟೆ ಎಂದು ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಬೇಕಾಗುತ್ತದೆ.

ಇದನ್ನು ಬಿಡಿಸಿ ನೋಡುವುದು ಒಳ್ಳೆಯದು. ನಿಮಗೆ 10,000 ಚಿಪ್ ಕೊಟ್ಟರು, ಬ್ಲೈಂಡ್ 50/100. ಅಂದರೆ ನಿಮ್ಮ ಹತ್ತಿರ ನೂರು ಬಿಗ್ ಬ್ಲೈಂಡ್ ಇದೆ. ಹಾಯಾಗಿ ಕೂರಬಹುದು, ಕೆಟ್ಟ ಎಲೆ ಬಿಡಬಹುದು, ಎದುರಿನವರ ಆಟ ಗಮನಿಸಬಹುದು. ಎರಡು ತಾಸು ಕಳೆಯಿತು, ನೀವು ಗೆಲ್ಲಲೂ ಇಲ್ಲ ಸೋಲಲೂ ಇಲ್ಲ, ಮುಂದೆ ಅದೇ 10,000 ಇದೆ ಎಂದುಕೊಳ್ಳಿ. ಬ್ಲೈಂಡ್ ಈಗ 500/1000. ನಿಮ್ಮ ನೂರು ಹತ್ತಾಗಿದೆ. ಒಂಬತ್ತು ಜನರ ಮೇಜಿನಲ್ಲಿ ಒಂದು ಸುತ್ತು ಮುಗಿಯುವಷ್ಟರಲ್ಲಿ ಬ್ಲೈಂಡ್, ಆಂಟೆ ಸೇರಿ ಸುಮಾರು ಎರಡೂವರೆ ಬಿಗ್ ಬ್ಲೈಂಡ್ ಹೋಗುತ್ತದೆ. ನಾಲ್ಕು ಸುತ್ತು ಸುಮ್ಮನೆ ಕೂತರೆ ಕೈ ಖಾಲಿ. ಆನ್‌ಲೈನಿನಲ್ಲಿ ನಿಮಿಷಕ್ಕೆ ಒಂದು ಕೈಯ ಹತ್ತಿರ ಆಟ ಓಡುತ್ತದೆ, ಹಾಗಾಗಿ ನಾಲ್ಕು ಸುತ್ತು ಎಂದರೆ ಅರ್ಧ ತಾಸಿಗಿಂತ ತುಸು ಹೆಚ್ಚು.

ಅದಕ್ಕೇ ಟೂರ್ನಿ ಆಡುವವರು ‘ನನ್ನ ಹತ್ತಿರ ಇಷ್ಟು ಸಾವಿರ ಇದೆ’ ಎನ್ನುವುದಿಲ್ಲ, ‘ಹದಿನೈದು ಬ್ಲೈಂಡ್ ಇದೆ’ ಎನ್ನುತ್ತಾರೆ. ಹತ್ತು, ಹನ್ನೆರಡಕ್ಕೆ ಇಳಿದಾಗ ಆಯ್ಕೆ ಎರಡೇ: ಆಲ್-ಇನ್ ಅಥವಾ ಫೋಲ್ಡ್. ಸಣ್ಣದಾಗಿ ಏರಿಸಿ ನೋಡೋಣ ಎಂದರೆ ಇದ್ದುದರಲ್ಲಿ ಕಾಲು ಭಾಗ ಹೋಗಿರುತ್ತದೆ, ಆಮೇಲೆ ಬಿಡಲೂ ಆಗುವುದಿಲ್ಲ. ಹೊಸಬರು ಹೆಚ್ಚು ಸೋಲುವುದು ಇಲ್ಲೇ. ಹಂತ ಏರಿದ್ದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ.

ಟರ್ಬೊ, ಹೈಪರ್ ಟರ್ಬೊ, ಡೀಪ್ ಸ್ಟ್ಯಾಕ್ ಎಂದರೆ?

ಬ್ಲೈಂಡ್ ಎಷ್ಟು ಬೇಗ ಏರುತ್ತದೆ ಎನ್ನುವುದರ ಹೆಸರುಗಳು ಇವು. ಸಾಧಾರಣ ಟೂರ್ನಿಯಲ್ಲಿ ಒಂದು ಹಂತ ಹತ್ತು ಹನ್ನೆರಡು ನಿಮಿಷ, ಟರ್ಬೊದಲ್ಲಿ ಐದಾರು, ಹೈಪರ್‌ನಲ್ಲಿ ಎರಡು ಮೂರು. ಡೀಪ್ ಸ್ಟ್ಯಾಕ್ ಎಂದರೆ ಶುರುವಿನಲ್ಲೇ ಹೆಚ್ಚು ಚಿಪ್ ಕೊಡುತ್ತಾರೆ. ಬೇಗ ಮುಗಿದಷ್ಟೂ ಜಾಣ್ಮೆಗೆ ಜಾಗ ಕಡಿಮೆ, ಎಲೆಯದ್ದೇ ಕಾರುಬಾರು. ಕಲಿಯುವವರು ನಿಧಾನದ್ದನ್ನೇ ಆರಿಸಿಕೊಳ್ಳಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಫ್ರೀಜ್‌ಔಟ್, ರೀಬೈ, ರೀ-ಎಂಟ್ರಿ: ಮೂರೂ ಒಂದೇ ಅಲ್ಲವೇ?

ಅಲ್ಲ. ಈ ವ್ಯತ್ಯಾಸ ತಿಳಿಯದೆ ನಾನೇ ಸಾಕಷ್ಟು ಕಳೆದುಕೊಂಡಿದ್ದೇನೆ.

ಫ್ರೀಜ್‌ಔಟ್ ಎಂದರೆ ಒಂದೇ ಜೀವ. ಚಿಪ್ ಮುಗಿಯಿತು, ಆಟ ಮುಗಿಯಿತು. ರೀಬೈಯಲ್ಲಿ ಮೊದಲ ಒಂದು ತಾಸಿನಷ್ಟು ಅವಧಿಯಲ್ಲಿ ಚಿಪ್ ಕಡಿಮೆಯಾದರೆ ಅಥವಾ ಖಾಲಿಯಾದರೆ ಅದೇ ಕುರ್ಚಿಯಲ್ಲಿ ಕೂತು ಮತ್ತೆ ಹಣ ಕಟ್ಟಿ ಚಿಪ್ ತೆಗೆದುಕೊಳ್ಳಬಹುದು. ಆ ಅವಧಿ ಮುಗಿಯುವಾಗ ಆ್ಯಡ್-ಆನ್ ಎಂದು ಇನ್ನೊಂದು ಸಲ ಕೊಳ್ಳಲು ಅವಕಾಶ. ರೀ-ಎಂಟ್ರಿಯಲ್ಲಿ ಪೂರ್ತಿ ಹೊರಬಿದ್ದ ಮೇಲೆ ಹೊಸಬನ ಹಾಗೆ ಮತ್ತೆ ಹೆಸರು ಕೊಟ್ಟು, ಬೇರೆ ಮೇಜಿನಲ್ಲಿ, ಶುರುವಿನ ಚಿಪ್ಪಿನೊಂದಿಗೆ ಕೂರುವುದು. ಪ್ರತಿ ಸಲವೂ ನಡೆಸುವವರ ಹತ್ತು ರೂಪಾಯಿ ಬೇರೆ.

ಟೂರ್ನಿಯ ದೊಡ್ಡ ಗುಣವೆಂದರೆ ಎಷ್ಟು ಹೋಗುತ್ತದೆ ಎನ್ನುವುದು ಮೊದಲೇ ಗೊತ್ತಿರುವುದು. 110 ಕಟ್ಟಿದ್ದರೆ 110ಕ್ಕಿಂತ ಒಂದು ರೂಪಾಯಿ ಹೆಚ್ಚು ಹೋಗುವುದಿಲ್ಲ. ರೀ-ಎಂಟ್ರಿ ಆ ಬೇಲಿಯನ್ನೇ ಕಿತ್ತುಹಾಕುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಒಂದು ಭಾನುವಾರದ ಪುಟ ಇದೆ. 110 ರೂಪಾಯಿಯ ಟೂರ್ನಿಗೆ ರಾತ್ರಿ ಒಂಬತ್ತರಿಂದ ಹನ್ನೊಂದೂವರೆಯೊಳಗೆ ಐದು ಸಲ ಪ್ರವೇಶ ಕಟ್ಟಿದ್ದೆ, ಒಟ್ಟು 550. ಬೆಳಗಿನ ಜಾವ ಎರಡು ಗಂಟೆಗೆ 48ನೆಯ ಸ್ಥಾನದಲ್ಲಿ ಹೊರಬಿದ್ದೆ, 230 ರೂಪಾಯಿ ಬಂತು. ಪರದೆಯ ಮೇಲೆ ಬಣ್ಣದ ಕಾಗದ ಹಾರಿಸಿ ಅಭಿನಂದನೆ ಎಂದು ಬರೆದಿತ್ತು. ಹೋದದ್ದು 320 ರೂಪಾಯಿ, ಮೇಲೆ ಒಂದು ರಾತ್ರಿಯ ನಿದ್ದೆ. ಆ ಪುಟ ಬರೆದಮೇಲೆ ಫ್ರೀಜ್‌ಔಟ್ ಬಿಟ್ಟು ಬೇರೆ ಆಡಲಿಲ್ಲ. ಹೊರಬಿದ್ದ ಮರುಕ್ಷಣದಲ್ಲಿ, ಸಿಟ್ಟು ಆರುವ ಮೊದಲೇ, ‘ಮತ್ತೆ ಸೇರಿ’ ಎಂಬ ಬಟನ್ ಬೆರಳಿನಡಿ ಬಂದು ನಿಲ್ಲುತ್ತದೆ. ಮನುಷ್ಯ ತಪ್ಪು ನಿರ್ಧಾರ ಮಾಡುವ ಹೊತ್ತು ಅದು.

ತಡವಾಗಿ ಸೇರಿದರೆ ನಷ್ಟವೇ?

ಶುರುವಾಗಿ ಒಂದೆರಡು ತಾಸಿನವರೆಗೂ ಸೇರಿಸಿಕೊಳ್ಳುತ್ತಾರೆ. ಚಿಪ್ ಪೂರ್ತಿ ಸಿಗುತ್ತದೆ, ಆದರೆ ಬ್ಲೈಂಡ್ 200/400 ಆಗಿದ್ದರೆ ನಿಮ್ಮ 10,000 ಬರೀ 25 ಬ್ಲೈಂಡ್. ಮೊದಲೇ ಬಂದವರು ನೂರು ಬ್ಲೈಂಡಿನಲ್ಲಿ ಆಡಿ ಕಲಿತದ್ದು ನಿಮಗೆ ತಪ್ಪಿತು. ನುರಿತವರು ಲೆಕ್ಕ ಹಾಕಿಯೇ ತಡವಾಗಿ ಬರುವುದುಂಟು. ಹೊಸಬರು ಹಾಗೆ ಮಾಡಬೇಕಾಗಿಲ್ಲ.

ಸಿಟ್ ಆ್ಯಂಡ್ ಗೋ, ಮೂರು ಜನರ ಆಟ, ಹೆಡ್ಸ್-ಅಪ್?

ಸಿಟ್ ಆ್ಯಂಡ್ ಗೋಗೆ ನಿಗದಿತ ಸಮಯ ಇಲ್ಲ. ಆರೋ ಒಂಬತ್ತೋ ಕುರ್ಚಿ ತುಂಬಿದೊಡನೆ ಶುರು. ಕುಮಟಾ ಸ್ಟ್ಯಾಂಡಿನಲ್ಲಿ ಸೀಟು ತುಂಬಿದ ಮೇಲೆ ಹೊರಡುವ ಟೆಂಪೊ ಇದ್ದಂತೆ. ಒಂಬತ್ತು ಜನರಲ್ಲಿ ಮೊದಲ ಮೂವರಿಗೆ ಬಹುಮಾನ ಹಂಚುವುದು ರೂಢಿ. ಹೆಡ್ಸ್-ಅಪ್ ಎಂದರೆ ಇಬ್ಬರೇ. ಶೂಟ್‌ಔಟ್‌ನಲ್ಲಿ ಪ್ರತಿ ಮೇಜಿನಲ್ಲೂ ಒಬ್ಬನೇ ಉಳಿಯುವವರೆಗೆ ಆಡಿಸಿ, ಗೆದ್ದವರನ್ನೆಲ್ಲ ಮುಂದಿನ ಸುತ್ತಿನಲ್ಲಿ ಕೂರಿಸುತ್ತಾರೆ.

ಮೂರು ಜನರ ಬಿರುಸಿನ ಆಟ ಒಂದಿದೆ. ಶುರುವಿಗೆ ಮೊದಲು ಪರದೆಯ ಮೇಲೆ ಚಕ್ರ ತಿರುಗಿ ಬಹುಮಾನ ಎಷ್ಟು ಪಟ್ಟು ಎಂದು ತೋರಿಸುತ್ತದೆ. ಸಾವಿರ ಪಟ್ಟಿನ ಚಿತ್ರವನ್ನು ದೊಡ್ಡದಾಗಿ ಹಾಕಿರುತ್ತಾರೆ, ಬರುವುದು ಬಹುಪಾಲು ಸಲ ಎರಡು ಪಟ್ಟು. ಅದರಲ್ಲಿ ಲಾಟರಿಯ ಅಂಶ ಎದ್ದು ಕಾಣುತ್ತದೆ, ಪೋಕರ್ ಪ್ರೀತಿಸುವವನಾಗಿ ನಾನು ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ.

ಬೌಂಟಿ ಟೂರ್ನಿಯಲ್ಲಿ ತಲೆಗೆ ಬೆಲೆ ಕಟ್ಟುತ್ತಾರಂತೆ, ನಿಜವೇ?

ಹೌದು. ಕಟ್ಟಿದ ಹಣದಲ್ಲಿ ಒಂದು ಪಾಲು ನಿಮ್ಮ ತಲೆಯ ಬೆಲೆಯಾಗುತ್ತದೆ. ನಿಮ್ಮನ್ನು ಹೊರಹಾಕಿದವನಿಗೆ ಅದು ಆಗಲೇ ಸಿಗುತ್ತದೆ. ಸರಳ ಬೌಂಟಿಯಲ್ಲಿ ಆ ಬೆಲೆ ಕೊನೆಯವರೆಗೂ ಒಂದೇ. ಪ್ರೋಗ್ರೆಸಿವ್ ಬೌಂಟಿಯಲ್ಲಿ ಅದು ಬೆಳೆಯುತ್ತದೆ: 100ರಲ್ಲಿ 50 ತಲೆಗೆ ಎಂದಿಟ್ಟುಕೊಳ್ಳಿ. ನೀವು ಒಬ್ಬನನ್ನು ಹೊರಹಾಕಿದರೆ 25 ನಿಮ್ಮ ಖಾತೆಗೆ, ಇನ್ನು 25 ನಿಮ್ಮ ತಲೆಗೆ. ಈಗ ನಿಮ್ಮ ಬೆಲೆ 75. ಇನ್ನೂ ನಾಲ್ಕು ಜನರನ್ನು ಹೊರಹಾಕಿದಿರೆಂದರೆ ಮೇಜಿನಲ್ಲಿ ಎಲ್ಲರ ಕಣ್ಣೂ ನಿಮ್ಮ ಮೇಲೇ. ಮಿಸ್ಟರಿ ಬೌಂಟಿಯಲ್ಲಿ ಬೆಲೆ ಎಷ್ಟೆಂದು ಹೊರಹಾಕಿದ ಮೇಲೆ, ಲಕೋಟೆ ಒಡೆದಂತೆ, ತಿಳಿಯುತ್ತದೆ.

ಇಂಥ ಟೂರ್ನಿಗಳಲ್ಲಿ ಮಾಮೂಲಿಗಿಂತ ದುರ್ಬಲ ಎಲೆ ಹಿಡಿದೂ ಆಲ್-ಇನ್‌ಗೆ ಕಾಲ್ ಮಾಡುವುದು ಸರಿಯೇ, ಆದರೆ ಎದುರಿನವನ ಚಿಪ್ ನಿಮಗಿಂತ ಕಡಿಮೆ ಇದ್ದರೆ ಮಾತ್ರ. ಅವನ ಹತ್ತಿರ ಹೆಚ್ಚಿದ್ದರೆ ಗೆದ್ದರೂ ಅವನು ಹೊರಬೀಳುವುದಿಲ್ಲ, ತಲೆ ನಿಮಗೆ ಸಿಗುವುದಿಲ್ಲ.

ಸ್ಯಾಟಲೈಟ್ ಎಂದರೇನು?

ದೊಡ್ಡ ಟೂರ್ನಿಗೆ ಟಿಕೆಟ್ ಗೆಲ್ಲುವ ಸಣ್ಣ ಟೂರ್ನಿ. ಪೋಕರ್ ಜಗತ್ತಿನ ದಿಕ್ಕು ಬದಲಾದದ್ದೇ ಒಂದು ಸ್ಯಾಟಲೈಟಿನಿಂದ. 2003ರಲ್ಲಿ ಅಮೆರಿಕದ ಟೆನ್ನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ನೂರು ಡಾಲರಿಗೂ ಕಡಿಮೆ ಕಟ್ಟಿ ಆನ್‌ಲೈನ್ ಸ್ಯಾಟಲೈಟ್ ಗೆದ್ದರು. ಅದರ ಮೂಲಕ 10,000 ಡಾಲರ್ ಪ್ರವೇಶದ ವರ್ಲ್ಡ್ ಸೀರೀಸ್ ಆಫ್ ಪೋಕರಿನ ಮುಖ್ಯ ಟೂರ್ನಿಗೆ ಲಾಸ್ ವೇಗಸ್ ತಲುಪಿ, 839 ಜನರ ನಡುವೆ ಗೆದ್ದು 25 ಲಕ್ಷ ಡಾಲರ್ ಪಡೆದರು. ಮುಂದಿನ ವರ್ಷ ಅದೇ ಟೂರ್ನಿಗೆ 2,576 ಜನ ಬಂದರು, 2006ರಲ್ಲಿ 8,773.

ಆಡುವ ರೀತಿಯಲ್ಲಿ ಸ್ಯಾಟಲೈಟ್ ತೀರ ಬೇರೆ. ಹತ್ತು ಟಿಕೆಟ್ ಇದ್ದರೆ ಮೊದಲನೆಯವನಿಗೂ ಹತ್ತನೆಯವನಿಗೂ ಸಿಗುವುದು ಒಂದೇ ಟಿಕೆಟ್. ಹನ್ನೊಂದು ಜನ ಉಳಿದಿದ್ದು ನಿಮ್ಮ ಮುಂದೆ ಬೇಕಾದಷ್ಟು ಚಿಪ್ ಇದೆ ಎಂದರೆ, ಎರಡು ಎಕ್ಕ ಬಂದರೂ ಫೋಲ್ಡ್ ಮಾಡುವುದು ಸರಿಯಾಗಬಹುದು. ಶಿರಸಿಯಲ್ಲಿ ಗೆಳೆಯರಿಗೆ ಇದನ್ನು ಒಪ್ಪಿಸಲು ನನಗೆ ಎರಡು ಸಂಜೆ ಬೇಕಾದವು. ಹೆಚ್ಚು ಚಿಪ್ ಗೆದ್ದು ಮಾಡುವುದೇನು? ಎರಡು ಟಿಕೆಟ್ ಕೊಡುವುದಿಲ್ಲವಲ್ಲ.

ಬಬಲ್ ಹತ್ತಿರ ಎಲ್ಲರೂ ಯಾಕೆ ಅಷ್ಟು ನಿಧಾನ ಆಡುತ್ತಾರೆ?

ಹದಿನೈದು ಜನರಿಗೆ ಬಹುಮಾನ, ಹದಿನಾರು ಜನ ಉಳಿದಿದ್ದಾರೆ. ಈಗ ಹೊರಬಿದ್ದವನಿಗೆ ನಾಲ್ಕು ತಾಸಿನ ಆಟಕ್ಕೆ ಏನೂ ಇಲ್ಲ. ಈ ಹಂತಕ್ಕೆ ಬಬಲ್ ಎನ್ನುತ್ತಾರೆ. ಪಕ್ಕದ ಮೇಜಿನಲ್ಲಿ ಯಾರಾದರೂ ಬೀಳಲಿ ಎಂದು ಕೆಲವರು ಬೇಕೆಂದೇ ಕಾಲ ಕಳೆಯುತ್ತಾರೆ. ಅದನ್ನು ತಡೆಯಲು ಎಲ್ಲ ಮೇಜುಗಳಲ್ಲೂ ಒಂದು ಕೈ ಮುಗಿದ ಮೇಲೆಯೇ ಮುಂದಿನ ಕೈ ಹಂಚುತ್ತಾರೆ. ಚಿಪ್ ಹೆಚ್ಚಿರುವವನಿಗೆ ಇದು ಸುಗ್ಗಿ. ಮಧ್ಯಮ ಚಿಪ್ಪಿನವರು ಹೆದರಿ ಬಿಡುತ್ತಾರೆ, ಅವನು ಪ್ರತಿ ಕೈಯಲ್ಲೂ ಬ್ಲೈಂಡ್ ಎತ್ತಿಕೊಳ್ಳುತ್ತಾನೆ.

ಅರ್ಧ ಚಿಪ್ ನನ್ನದಾದರೆ ಅರ್ಧ ಬಹುಮಾನ ನನ್ನದೇ ತಾನೆ?

ಇಲ್ಲ. ಈ ಲೆಕ್ಕ ನನಗೆ ಬಹಳ ಇಷ್ಟ, ಕಾಗದ ಪೆನ್ನು ತೆಗೆದುಕೊಳ್ಳಿ.

ಮೂವರು ಉಳಿದಿದ್ದಾರೆ. ಬಹುಮಾನ 500, 300, 200, ಒಟ್ಟು ಸಾವಿರ. ಚಿಪ್ ಒಟ್ಟು 10,000: ಒಬ್ಬನ ಹತ್ತಿರ 5,000, ಇನ್ನೊಬ್ಬನ ಹತ್ತಿರ 3,000, ಮೂರನೆಯವನ ಹತ್ತಿರ 2,000. ಮೂವರೂ ಸಮಬಲದವರು ಎಂದಿಟ್ಟುಕೊಂಡರೆ, ಚಿಪ್ಪಿನ ಪಾಲೇ ಮೊದಲು ಬರುವ ಸಾಧ್ಯತೆ. ದೊಡ್ಡವನು ಮೊದಲು ಬರುವುದು ನೂರಕ್ಕೆ 50 ಸಲ. ಎರಡನೆಯ ಸ್ಥಾನಕ್ಕೆ ಬರುವುದನ್ನು ಉಳಿದಿಬ್ಬರಲ್ಲಿ ಒಬ್ಬೊಬ್ಬರೂ ಗೆದ್ದಾಗ ಏನಾಗುತ್ತದೆಂದು ಬೇರೆ ಬೇರೆ ನೋಡಿ ಕೂಡಿಸಬೇಕು: 3,000ದವನು ಗೆದ್ದಾಗ ಉಳಿದ ಏಳರಲ್ಲಿ ಐದು ಪಾಲು ಇವನದು, 2,000ದವನು ಗೆದ್ದಾಗ ಎಂಟರಲ್ಲಿ ಐದು ಪಾಲು. ಕೂಡಿದರೆ ನೂರಕ್ಕೆ ಸುಮಾರು 34. ಉಳಿದ 16 ಮೂರನೆಯ ಸ್ಥಾನಕ್ಕೆ. ಬಹುಮಾನದೊಂದಿಗೆ ಗುಣಿಸಿ ಕೂಡಿದರೆ ದೊಡ್ಡವನ ಪಾಲು ಸುಮಾರು 384 ರೂಪಾಯಿ, ನಡುವಿನವನದು 327.50, ಚಿಕ್ಕವನದು ಸುಮಾರು 288.50.

ನೋಡಿ, ಅರ್ಧ ಚಿಪ್ ಇರುವವನ ಬೆಲೆ 500 ಅಲ್ಲ, 384. ಐದನೆಯ ಒಂದು ಪಾಲು ಚಿಪ್ ಇರುವವನ ಬೆಲೆ 200 ಅಲ್ಲ, 288. ಯಾಕೆಂದರೆ ಏನೇ ಆದರೂ ಮೂರನೆಯ ಬಹುಮಾನ 200 ಅವನ ಕೈಯಲ್ಲಿದೆ, ಮತ್ತು ಎಲ್ಲ ಚಿಪ್ ಗೆದ್ದವನಿಗೂ 500ಕ್ಕಿಂತ ಹೆಚ್ಚು ಸಿಗುವುದಿಲ್ಲ. ಇದರ ಹೆಸರು ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್). ಕಳೆದುಕೊಳ್ಳುವ ಚಿಪ್ಪಿನ ಬೆಲೆ ಗೆಲ್ಲುವ ಚಿಪ್ಪಿಗಿಂತ ಹೆಚ್ಚು ಎನ್ನುವುದು ಇದರಿಂದ ಬರುವ ಪಾಠ. ಬಹುಮಾನದ ಹತ್ತಿರ ಬಂದಾಗ ಅರ್ಧಕ್ಕರ್ಧ ಸಾಧ್ಯತೆಯ ಆಲ್-ಇನ್‌ಗೆ ನುರಿತವರು ಕಾಲ್ ಮಾಡದಿರುವುದು ಇದಕ್ಕೇ. ಕೊನೆಯ ಮೇಜಿನಲ್ಲಿ ಎಲ್ಲರೂ ಒಪ್ಪಿ ಬಹುಮಾನ ಹಂಚಿಕೊಳ್ಳುವಾಗಲೂ ಈ ಲೆಕ್ಕವನ್ನೇ ಹಿಡಿಯುತ್ತಾರೆ.

ಆಟದ ನಡುವೆ ಕರೆಂಟು ಹೋದರೆ?

ನಮ್ಮ ಕಡೆಯವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಟೂರ್ನಿ ನಿಮಗಾಗಿ ನಿಲ್ಲುವುದಿಲ್ಲ. ನಿಮ್ಮ ಸರದಿ ಬಂದಾಗ ಸ್ವಲ್ಪ ಹೆಚ್ಚುವರಿ ಸಮಯ ಕೊಡುತ್ತಾರೆ, ಆಮೇಲೆ ಎಲೆ ತಾನಾಗಿ ಫೋಲ್ಡ್ ಆಗುತ್ತದೆ. ಬ್ಲೈಂಡ್ ಮಾತ್ರ ಕಡಿತವಾಗುತ್ತಲೇ ಇರುತ್ತದೆ.

ಒಂದು ಆಷಾಢದ ರಾತ್ರಿ ಶಿರಸಿ ಹತ್ತಿರದ ಮನೆಯಲ್ಲಿ ಕೊನೆಯ ಮೇಜು ತಲುಪಿದ್ದೆ, ಹದಿನಾಲ್ಕು ಬ್ಲೈಂಡ್ ಇತ್ತು. ಎಲ್ಲೋ ಲೈನಿನ ಮೇಲೆ ಮರ ಬಿದ್ದು ಸಂಜೆಯೇ ಕರೆಂಟು ಹೋಗಿತ್ತು. ಮನೆಯ ಇನ್ವರ್ಟರ್ ಕೈಕೊಟ್ಟಿತು, ಸ್ವಲ್ಪ ಹೊತ್ತಿಗೆ ಟವರೂ ಸತ್ತಿತು. ಕೊಡೆ ಹಿಡಿದು, ಬ್ಯಾಟರಿ ಬಿಟ್ಟುಕೊಂಡು, ತೋಟದ ಮೇಲಿನ ಸೊಪ್ಪಿನ ಬೆಟ್ಟ ಹತ್ತಿದೆ. ಅಲ್ಲಿ ದೂರದ ಟವರಿನ ಒಂದು ಕಡ್ಡಿ ಸಿಗುತ್ತದೆ. ಕಾಲಿಗೆ ಉಂಬಳ ಹತ್ತಿದ್ದು ಆಮೇಲೆ ಗೊತ್ತಾಯಿತು. ಇಪ್ಪತ್ತು ನಿಮಿಷದ ಮೇಲೆ ಪರದೆ ತೆರೆದಾಗ ಎರಡು ಸುತ್ತು ಕಳೆದು, ಹಂತವೂ ಏರಿ, ಹದಿನಾಲ್ಕು ಇದ್ದದ್ದು ಐದೂವರೆ ಆಗಿತ್ತು. ಮುಂದಿನ ಕೈಯಲ್ಲಿ ರಾಜ, ಗುಲಾಮ ಹಿಡಿದು ಆಲ್-ಇನ್ ಹೋಗಿ ಹೊರಬಿದ್ದೆ. ಮನೆಗೆ ಬಂದಾಗ ಅಜ್ಜಿ ಚಿಮಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ತಮಾ, ಈ ಮಳೇಲಿ ಎಲ್ಲಿಗೆ ಹೋಗಿದ್ದೆ?’ ಎಂದಳು. ಹೇಳಲು ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲೆ ನಿಜವಾಗಿ ಕಲಸುತ್ತಾರಾ, ಮೊದಲೇ ಗೊತ್ತು ಮಾಡಿರುತ್ತಾರಾ?

ಕಂಪ್ಯೂಟರ್ ಯಾದೃಚ್ಛಿಕ ಸಂಖ್ಯೆಗಳಿಂದ ಕಲಸುತ್ತದೆ. 52 ಎಲೆಗಳನ್ನು ಜೋಡಿಸುವ ಬಗೆಗಳ ಸಂಖ್ಯೆಯಲ್ಲಿ 68 ಅಂಕಿಗಳಿವೆ. ಶುರುವಿನ ದಿನಗಳಲ್ಲಿ ಇದು ನೆಟ್ಟಗಿರಲಿಲ್ಲ. 1999ರಲ್ಲಿ ಅಮೆರಿಕದ ಕೆಲವು ಸಾಫ್ಟ್‌ವೇರ್ ಸಂಶೋಧಕರು ಆಗ ಬಳಕೆಯಲ್ಲಿದ್ದ ಕಲಸುವ ವಿಧಾನವೊಂದನ್ನು ಪರೀಕ್ಷಿಸಿದರು. ಅದು ಹೆಚ್ಚೆಂದರೆ ಸುಮಾರು 429 ಕೋಟಿ ಜೋಡಣೆ ಮಾತ್ರ ಕೊಡಬಲ್ಲದಾಗಿತ್ತು. ಅದೂ ಗಡಿಯಾರದ ಮಿಲಿಸೆಕೆಂಡನ್ನು ಆಧರಿಸಿದ್ದರಿಂದ ಒಂದು ದಿನಕ್ಕೆ 8.64 ಕೋಟಿಗೆ ಇಳಿಯುತ್ತಿತ್ತು. ಕೈಯ ಎರಡು ಎಲೆ, ಫ್ಲಾಪಿನ ಮೂರು ಎಲೆ ನೋಡಿ ಉಳಿದವನ್ನೆಲ್ಲ ಹೇಳಬಲ್ಲ ಪ್ರೋಗ್ರಾಮನ್ನು ಅವರು ಬರೆದು ತೋರಿಸಿದರು. ಆಮೇಲೆ ವಿಧಾನಗಳು ಬಿಗಿಯಾದವು, ಹೊರಗಿನವರಿಂದ ಪರೀಕ್ಷೆ ಮಾಡಿಸುವ ರೂಢಿ ಬಂತು.

ಎಲೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ಜನರ ಬಗ್ಗೆ. ಒಂದೇ ಕೋಣೆಯಲ್ಲಿ ಕೂತು ಎಲೆ ಹೇಳಿಕೊಂಡು ಆಡುವವರು, ಒಬ್ಬನೇ ಎರಡು ಖಾತೆ ಮಾಡಿಕೊಂಡವನು, ಮನುಷ್ಯನ ಬದಲು ಕೂತ ಬಾಟ್. ಹೋಲ್ಡೆಮ್ ಆಡುವ ಗಟ್ಟಿ ಪ್ರೋಗ್ರಾಮುಗಳು ಈಗ ಇವೆ, ಮುಖ ಕಾಣದ ಮೇಜಿನಲ್ಲಿ ಅದನ್ನು ಕಂಡುಹಿಡಿಯುವುದು ಕಷ್ಟ.

ಇದು ಜಾಣ್ಮೆಯೋ ಅದೃಷ್ಟವೋ?

ಎರಡೂ, ಆದರೆ ಬೇರೆ ಬೇರೆ ಅವಧಿಯಲ್ಲಿ. ಎಕ್ಕದ ಜೋಡಿ ರಾಜನ ಜೋಡಿಯನ್ನು ಐದರಲ್ಲಿ ನಾಲ್ಕು ಸಲ ಗೆಲ್ಲುತ್ತದೆ. ಟೂರ್ನಿ ಗೆಲ್ಲಲು ಇಂಥ ಸಂದರ್ಭ ನಾಲ್ಕು ಸಲ ಬಂತು, ನಾಲ್ಕರಲ್ಲೂ ನಿಮ್ಮದೇ ದೊಡ್ಡ ಎಲೆ ಎನ್ನೋಣ. ನಾಲ್ಕನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 41 ಮಾತ್ರ. ಏನೂ ತಪ್ಪು ಮಾಡದೆಯೂ ನೂರರಲ್ಲಿ 59 ಸಲ ಹೊರಬೀಳುತ್ತೀರಿ. ಸಾವಿರಾರು ಟೂರ್ನಿ ಆಡಿದ ಮೇಲೆ ಜಾಣ್ಮೆ ಕಾಣುತ್ತದೆ, ಒಂದು ತಿಂಗಳಲ್ಲಿ ಕಾಣುವುದಿಲ್ಲ. ‘ಹೋದ ವಾರ ಗೆದ್ದೆ, ಇದೇ ಉದ್ಯೋಗ ಮಾಡಿಕೊಳ್ಳುತ್ತೇನೆ’ ಎಂದ ಇಬ್ಬರಿಗೆ ನಾನು ಇದೇ ಲೆಕ್ಕ ತೋರಿಸಿದ್ದೇನೆ.

ಈಗ ಕಾನೂನು ಏನು ಹೇಳುತ್ತದೆ?

ನಮ್ಮ ರಾಜ್ಯದಲ್ಲಿ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದರು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಕೌಶಲದ ಆಟ ಬೇರೆ, ಜೂಜು ಬೇರೆ ಎಂಬ ವಾದ ಗೆದ್ದಿತ್ತು. 2023ರ ಅಕ್ಟೋಬರ್ 1ರಿಂದ ಕಟ್ಟುವ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು.

ಆಮೇಲೆ ಕೇಂದ್ರದ್ದೇ ಕಾಯ್ದೆ ಬಂತು. 2025ರ ಆಗಸ್ಟ್ 20ರಂದು ಲೋಕಸಭೆ, ಮರುದಿನ ರಾಜ್ಯಸಭೆ ಒಪ್ಪಿ, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನು ಇದು ನೋಡುವುದಿಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಯಾವ ಆನ್‌ಲೈನ್ ಆಟವನ್ನೂ ಒದಗಿಸುವಂತಿಲ್ಲ. ಒದಗಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, 50 ಲಕ್ಷದವರೆಗೆ. ಹಣ ಸಾಗಿಸುವ ಬ್ಯಾಂಕು, ಪೇಮೆಂಟ್ ಸಂಸ್ಥೆಗಳಿಗೂ ನಿರ್ಬಂಧ. ಬರೀ ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಅದೇ ವಾರ ದೇಶದ ದೊಡ್ಡ ಆಪ್‌ಗಳು ಹಣದ ಆಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರೂ ಇದ್ದಾರೆ.

ಹೊರದೇಶದ ಸೈಟಿನಲ್ಲಿ ಆಡಬಹುದಲ್ಲ, ಟೆಲಿಗ್ರಾಂನಲ್ಲಿ ಲಿಂಕ್ ಬಂದಿದೆ?

ದಯವಿಟ್ಟು ಬೇಡ. ಹೊರಗಿನಿಂದ ಇಲ್ಲಿಗೆ ಒದಗಿಸುವ ಆಟಕ್ಕೂ ಆ ಕಾಯ್ದೆ ಅನ್ವಯಿಸುತ್ತದೆ. ಅದಕ್ಕಿಂತ ಮುಖ್ಯ, ಗೆದ್ದ ಹಣ ಬರದಿದ್ದರೆ ಕೇಳಲು ಜಾಗ ಇಲ್ಲ. ಯಾರದೋ ಯುಪಿಐಗೆ ಹಣ ಹಾಕಿ ಎನ್ನುವ ಲಿಂಕ್ ಬಂದರೆ ಅದು ಮೋಸ ಎಂದೇ ತಿಳಿಯಿರಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಾಳಿ ಸೇತುವೆ, ಮಾಜಾಳಿ ದಾಟಿದರೆ ಗೋವಾ. ಅಲ್ಲಿ?

ಮಾಂಡವಿ ನದಿಯ ಹಡಗುಗಳಲ್ಲಿರುವ ಕ್ಯಾಸಿನೊಗಳು ಗೋವಾದ ಕಾನೂನಿನಂತೆ ಪರವಾನಗಿ ಪಡೆದು ನಡೆಯುತ್ತವೆ, ಅಲ್ಲಿ ಎದುರೆದುರು ಕೂತು ಆಡುವುದು ಬೇರೆ ವಿಷಯ. ಪ್ರವೇಶ, ಪ್ರಯಾಣ, ಉಳಿಯುವ ಖರ್ಚು ಎಲ್ಲ ಸೇರಿಸಿದರೆ ಸಣ್ಣ ಸಂಬಳದವನಿಗೆ ಅದು ಕಲಿಯುವ ಜಾಗ ಅಲ್ಲ.

ಮಗ ರಾತ್ರಿಯಿಡೀ ಮೊಬೈಲ್ ಹಿಡಿದಿರುತ್ತಾನೆ, ಹಣದ ಆಟವಿರಬಹುದೇ?

ಹೊನ್ನಾವರದ ಒಬ್ಬ ತಾಯಿ ನನಗೆ ಇದನ್ನು ಕೇಳಿದ್ದರು. ಹೆಚ್ಚು ಹೊತ್ತು ಆಡುವುದಕ್ಕಿಂತ ನೋಡಬೇಕಾದದ್ದು ಹಣ: ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಣ್ಣ ಸಣ್ಣ ಮೊತ್ತ ರಾತ್ರಿ ಹೊತ್ತಿನಲ್ಲಿ ಪದೇ ಪದೇ ಹೋಗುವುದು, ಆಪ್‌ಗಳಲ್ಲಿ ಸಾಲ, ಗೆಳೆಯರಿಂದ ಕೈಗಡ, ಹೋದದ್ದನ್ನು ತಿರುಗಿ ಗೆಲ್ಲುತ್ತೇನೆ ಎನ್ನುವ ಮಾತು. ಬೈದು ಮೊಬೈಲ್ ಕಸಿದುಕೊಂಡರೆ ಸಾಲ ಬಚ್ಚಿಡುತ್ತಾನೆ. ಮೊದಲು ಎಷ್ಟು ಸಾಲ ಇದೆ ಎಂದು ಪೂರ್ತಿ ಹೇಳುವಷ್ಟು ಧೈರ್ಯ ಅವನಿಗೆ ಬರಬೇಕು. ಟೆಲಿ ಮಾನಸ್ 14416 ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮಿಂಗ್ ಗೀಳಿಗೆಂದೇ ಬೇರೆ ಕ್ಲಿನಿಕ್ ಇದೆ. ಇದು ಹುಡುಗನ ನಡತೆ ಕೆಟ್ಟದ್ದರ ಲಕ್ಷಣ ಎಂದುಕೊಳ್ಳಬೇಡಿ.

ಹಣವಿಲ್ಲದೆ ಟೂರ್ನಿ ಆಡಿ ಕಲಿಯುವುದು ಹೇಗೆ?

ನಾವು ಮಾಡುವುದನ್ನು ಹೇಳುತ್ತೇನೆ. ಎಂಟು ಜನ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ. ಹಣ ಇಲ್ಲ, ಬಹುಮಾನ ಇಲ್ಲ. ಚಿಪ್ಪಿಗೆ ಹುಣಸೆ ಬೀಜ 25, ಕವಡೆ 100, ಗೋಟಡಿಕೆ 500. ಪ್ರತಿಯೊಬ್ಬರಿಗೂ 20 ಬೀಜ, 20 ಕವಡೆ, 5 ಅಡಿಕೆ, ಅಂದರೆ 5,000. ಬ್ಲೈಂಡ್ 25/50ರಿಂದ ಶುರು, ಹದಿನೈದು ನಿಮಿಷಕ್ಕೊಮ್ಮೆ ಏರಿಕೆ: 50/100, 75/150, 100/200, 150/300, 200/400, 300/600, 400/800, 600/1200, 800/1600. ಒಟ್ಟು ಚಿಪ್ 40,000. ಬಿಗ್ ಬ್ಲೈಂಡ್ 1,600 ಮುಟ್ಟುವ ಹೊತ್ತಿಗೆ ಮೇಜಿನ ಮೇಲೆ ಉಳಿಯುವುದು 25 ಬ್ಲೈಂಡ್ ಮಾತ್ರ. ಹಾಗಾಗಿ ಎರಡೂವರೆ ತಾಸಿನ ಆಸುಪಾಸಿನಲ್ಲಿ ಆಟ ತಾನಾಗಿ ಮುಗಿಯುತ್ತದೆ. ಗಡಿಯಾರ ನೋಡುವ ಕೆಲಸ ಮೊದಲು ಹೊರಬಿದ್ದವನದು, ಚಹಾ ಮಾಡುವುದು ಎರಡನೆಯವನದು.

ಒಂದು ಸೂಚನೆ. ಗೋಟಡಿಕೆಯನ್ನು ಇಡಿಯಾಗಿ ಬಳಸಬೇಡಿ, ಉರುಳಿ ಕಂಬಳಿಯ ಕೆಳಗೆ ಸೇರುತ್ತದೆ, ಲೆಕ್ಕ ತಪ್ಪುತ್ತದೆ. ಅರ್ಧ ಮಾಡಿದ ಅಡಿಕೆ ಚಪ್ಪಟೆಯಾಗಿ ಕೂರುತ್ತದೆ. ಆನ್‌ಲೈನಿನಲ್ಲೇ ಅಭ್ಯಾಸ ಬೇಕೆಂದರೆ ಹಣ ಕಟ್ಟಿಸಿಕೊಳ್ಳದ, ಹಣ ಕೊಡದ ಆಟದ ಚಿಪ್ಪಿನ ಮೇಜುಗಳಿವೆ. ಅಲ್ಲಿ ಕಳೆದುಕೊಳ್ಳುವುದೇನೂ ಇಲ್ಲದ್ದರಿಂದ ಜನ ಮನಸ್ಸಿಗೆ ಬಂದಂತೆ ಆಲ್-ಇನ್ ಹೋಗುತ್ತಾರೆ. ಬ್ಲೈಂಡ್ ಏರುವ ಲಯ ಕಲಿಯಲು ಅದು ಸಾಕು, ಎದುರಿನವನನ್ನು ಓದುವುದು ಕಲಿಯಬೇಕಾದರೆ ಮಾತ್ರ ಎಂಟು ಜನ ಕಂಬಳಿಯ ಮೇಲೆ ಕೂರಬೇಕು.